ಬೋರ್ ಬತ್ತಿದರೆ ಊರು ಬಿಡುವವರು ಯಾರು?

ಜನಸಂಖ್ಯೆ, ವಲಸೆ, ನೀರು. ಈ ಮೂರರ ಬಗ್ಗೆ ಕೋಲಾರ ಜಿಲ್ಲೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಉತ್ತರ ಕೊಟ್ಟವರು ಇದೇ ಜಿಲ್ಲೆಯಲ್ಲಿ ಹುಟ್ಟಿ, ಸಮಾಜಶಾಸ್ತ್ರ ಓದಿ, ಈ ವಿಷಯದಲ್ಲೇ ಸಂಶೋಧನೆ ಮಾಡಿಕೊಂಡು ಬಂದವರು. ಪತ್ರಗಳು ಉದ್ದವಾಗಿದ್ದವು, ಸ್ವಲ್ಪ ಕತ್ತರಿ ಹಾಕಿದ್ದೇವೆ.

ಪ್ರಶ್ನೆ: ಮೇಡಂ, ನಾನು ಎಂ.ಎ. ಸಮಾಜಶಾಸ್ತ್ರ ಓದುತ್ತಿದ್ದೇನೆ. ಜನಸಂಖ್ಯೆ, ವಲಸೆ, ಪರಿಸರ ಅಂತ ಇಡೀ ಜೀವನ ಸಂಶೋಧನೆ ಮಾಡುವವರು ದಿನಾ ಏನು ಮಾಡ್ತಾರೆ? ಮನೆಯಲ್ಲಿ ಕೇಳಿದರೆ ಹೇಳೋಕೆ ಬರಲ್ಲ.
— ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ನಮ್ಮ ಮನೆಯಲ್ಲೂ "ಅವಳು ಸರ್ವೆ ಕೆಲಸದಲ್ಲಿದ್ದಾಳೆ" ಅಂತಲೇ ಹೇಳುತ್ತಿದ್ದರು. ಸರ್ವೆ ಅಂದರೆ ಜಮೀನು ಅಳೆಯೋದು ಅಂದುಕೊಂಡು ಕೆಲವರು ಪೋಡಿ ಮಾಡಿಸಿಕೊಡಿ ಅಂತ ಬಂದದ್ದೂ ಇದೆ!

ಕೆಲಸ ಇಷ್ಟೇ. ಒಂದು ಮನೆಗೆ ಹೋಗಿ ಕೂರುತ್ತೇವೆ. ಈಗ ಯಾರಿದ್ದಾರೆ, ಯಾರು ಹೋದರು, ಯಾವ ವರ್ಷ, ಎಲ್ಲಿಗೆ, ಆ ವರ್ಷ ಹೊಲದಲ್ಲಿ ಏನಿತ್ತು, ಬೋರ್ ಎಷ್ಟು ಅಡಿ, ಹಸು ಎಷ್ಟು, ಯಾರ ಹತ್ತಿರ ಸಾಲ, ಮಗ ದುಡ್ಡು ಕಳಿಸ್ತಾನಾ, ಕಳಿಸಿದರೆ ಅದು ಯಾವುದಕ್ಕೆ ಖರ್ಚಾಗುತ್ತದೆ, ಹೀಗೆ ಕೇಳುತ್ತಾ ಹೋಗುತ್ತೇವೆ. ಆಮೇಲೆ ಅದನ್ನು ಮಳೆ ಲೆಕ್ಕದ ಪಕ್ಕ ಇಡುತ್ತೇವೆ. ಉಪಗ್ರಹದ ಚಿತ್ರಗಳೂ ಇವೆ. ಲ್ಯಾಂಡ್‌ಸ್ಯಾಟ್ 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದೆ, 2008ರಿಂದ ಅವು ಎಲ್ಲರಿಗೂ ಉಚಿತ. ನಿಮ್ಮೂರ ಕೆರೆಯಲ್ಲಿ 1990ರಲ್ಲಿ ನೀರಿತ್ತಾ ಇಲ್ಲವಾ ಅಂತ ನೀವೇ ನೋಡಬಹುದು. ಆದರೆ ಆ ಮನೆಯ ದೊಡ್ಡ ಮಗ ಯಾಕೆ ಹೋದ, ಚಿಕ್ಕವನು ಯಾಕೆ ಉಳಿದ ಅನ್ನೋದು ಉಪಗ್ರಹಕ್ಕೆ ಕಾಣಲ್ಲ. ಅದಕ್ಕೇ ನಾವು ಜಗಲಿ ಮೇಲೆ ಕೂರಬೇಕು.

ತಾಳ್ಮೆ ಬೇಕು. ನೇಪಾಳದ ಚಿತ್ವನ್ ಕಣಿವೆಯಲ್ಲಿ 1990ರ ದಶಕದಲ್ಲಿ ಶುರುವಾದ ಒಂದು ಅಧ್ಯಯನ ಅವೇ ಕುಟುಂಬಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಮೇವು, ಸೌದೆ ತರೋಕೆ ಎಷ್ಟು ಹೊತ್ತು ನಡೀಬೇಕು ಅನ್ನೋದನ್ನೂ ಕೇಳಿ ಬರೆದುಕೊಂಡರು. ಪರಿಸರ ಕೆಟ್ಟಾಗ ಜನ ಜಾಸ್ತಿ ಹೋಗಿದ್ದು ದೂರದ ದೇಶಗಳಿಗಲ್ಲ, ಸುತ್ತಮುತ್ತಲ ಜಾಗಗಳಿಗೇ ಅಂತ ಗೊತ್ತಾಯಿತು. ಒಂದೇ ಸಲ ಹೋಗಿ ಕೇಳಿಬಂದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆ: ಬೋರ್ ಬತ್ತಿತು, ಹುಡುಗರು ಬೆಂಗಳೂರು ಸೇರಿದರು. ಇದು ನಮ್ಮೂರಲ್ಲಿ ಚಿಕ್ಕ ಮಗುವಿಗೂ ಗೊತ್ತು. ಇದಕ್ಕೆ ಸಂಶೋಧನೆ ಯಾಕೆ ಬೇಕು? ಸುಮ್ನೆ ಸರ್ಕಾರದ ದುಡ್ಡು ದಂಡ ಅಲ್ವಾ?
— ರೈತ, ಶ್ರೀನಿವಾಸಪುರ ತಾಲೂಕು

ಉತ್ತರ: ಕೋಪ ಅರ್ಥವಾಗುತ್ತದೆ ಅಣ್ಣಾ. ಆದರೆ ನಿಮ್ಮೂರಲ್ಲೇ ಸ್ವಲ್ಪ ನೋಡಿ. ಬೋರ್ ಬತ್ತಿದ ಎಲ್ಲ ಮನೆಯವರೂ ಹೋದರಾ? ಹೋದವರಲ್ಲಿ ಬೋರೇ ಇಲ್ಲದವರು ಎಷ್ಟು ಮಂದಿ?

ನಾನು ಕಂಡಿದ್ದು ಹೀಗೆ. ಕೈಯಲ್ಲಿ ದುಡ್ಡಿದ್ದವರು ಮತ್ತೆ ಪಾಯಿಂಟ್ ಮಾಡಿಸಿ 1,200, 1,500 ಅಡಿ ಕೊರೆಸಿದರು, ಅವರು ಎಲ್ಲಿಗೂ ಹೋಗಲಿಲ್ಲ. ನಡುವಿನವರು ಒಬ್ಬ ಮಗನನ್ನು ಬೆಂಗಳೂರಿಗೆ ಕಳಿಸಿ, ಉಳಿದವರು ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿಕೊಂಡು ಊರಲ್ಲೇ ಇದ್ದರು. ತೀರಾ ಬಡವರು ಅಲುಗಾಡಲೇ ಇಲ್ಲ. ಬೆಂಗಳೂರಲ್ಲಿ ರೂಮಿಗೆ ಅಡ್ವಾನ್ಸ್ ಕೊಡಬೇಕು, ಅಲ್ಲಿ ಗೊತ್ತಿದ್ದವರೊಬ್ಬರು ಇರಬೇಕು, ಮೊದಲ ತಿಂಗಳ ಊಟಕ್ಕೆ ದುಡ್ಡು ಬೇಕು. ಅದೆಲ್ಲಾ ಇಲ್ಲದವರು ಬೇರೆಯವರ ಟೊಮೆಟೊ ತೋಟಕ್ಕೆ ಕೂಲಿಗೆ ಹೋದರು. 2011ರಲ್ಲಿ ಬ್ರಿಟನ್ ಸರ್ಕಾರದ ಫೋರ್‌ಸೈಟ್ ವರದಿ ಇದನ್ನೇ ಜೋರಾಗಿ ಹೇಳಿತು: ಹವಾಮಾನ ಕೆಟ್ಟರೆ ಎಲ್ಲರೂ ವಲಸೆ ಹೋಗುತ್ತಾರೆ ಅನ್ನೋದು ತಪ್ಪು, ಹೋಗಲಾರದೆ ಸಿಕ್ಕಿಹಾಕಿಕೊಳ್ಳುವವರೂ ಬಹಳ. ಪೇಪರಲ್ಲಿ ಮಾತ್ರ ಬೀಗ ಹಾಕಿದ ಮನೆಯ ಫೋಟೋ ಬರುತ್ತದೆ. ಬೀಗ ಹಾಕದ ಮನೆಯವರನ್ನು ಯಾರು ಕೇಳ್ತಾರೆ?

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ಮಗ ಬೆಂಗಳೂರಿಂದ ಕಳಿಸಿದ ದುಡ್ಡಲ್ಲಿ ಎಷ್ಟೋ ಅಪ್ಪಂದಿರು ಏನು ಮಾಡಿದರು? ಇನ್ನೊಂದು ಬೋರ್ ಕೊರೆಸಿದರು. ಬತ್ತಿದ ಬೋರ್ ಮಗನನ್ನು ಕಳಿಸಿತು, ಮಗನ ಸಂಬಳ ಹೊಸ ಬೋರ್ ಕೊರೆಸಿತು, ಅದರಿಂದ ಪಕ್ಕದವರ ಬೋರ್ ಬತ್ತಿತು. ನೀರು ಹೋಗಿದ್ದಕ್ಕೆ ಜನ ಹೋದರು ಅಂತ ಒಂದೇ ಸಾಲಲ್ಲಿ ಬರೆದರೆ ಈ ಸುತ್ತು ಕಾಣೋದೇ ಇಲ್ಲ.

ನೀಲಗಿರಿ ಕಥೆಯೂ ನಿಮಗೆ ಗೊತ್ತಿರುತ್ತದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ನಮ್ಮ ಜಿಲ್ಲೆಯಲ್ಲಿ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಅಂತರ್ಜಲದ ಜಗಳ ಎಲ್ಲರಿಗೂ ನೆನಪಿದೆ, 2017ರಲ್ಲಿ ಸರ್ಕಾರ ಹೊಸದಾಗಿ ನೆಡೋದನ್ನೇ ನಿಷೇಧಿಸಿತು. ಆದರೆ ಅದಕ್ಕೂ ಮುಂಚೆ ಹೋಗಿದ್ದು ಕೂಲಿ. ನೀಲಗಿರಿಗೆ ಕಳೆ ಕೀಳೋರು ಬೇಡ, ಕೊಯ್ಯೋರು ಬೇಡ, ಕಣ ಬೇಡ. ಜಮೀನಿನ ಯಜಮಾನ ಸಿಟಿಯಲ್ಲಿ ಕೂತೇ ಫಸಲು ತೆಗೆಯಬಹುದು. ಆಗ ಊರು ಬಿಟ್ಟ ಕೂಲಿಯವರಿಗೆ ಬತ್ತೋಕೆ ಬೋರೇ ಇರಲಿಲ್ಲ.

ಇನ್ನೂ ಹಿಂದೆ ಹೋದರೆ 1876–78ರ ಧಾತು-ಈಶ್ವರ ಬರ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50.5 ಲಕ್ಷ ಇದ್ದದ್ದು 1881ಕ್ಕೆ 41.9 ಲಕ್ಷಕ್ಕೆ ಇಳಿಯಿತು. ಕೋಲಾರ, ತುಮಕೂರು ಕಡೆ ಹೊಡೆತ ಜೋರು. ಆಮೇಲೂ ಮಳೆ ಎಷ್ಟೋ ಸಲ ಕೈಕೊಟ್ಟಿದೆ, ಜನಸಂಖ್ಯೆ ಹಾಗೆ ಕುಸಿದಿಲ್ಲ. ಮಳೆ ಒಂದೇ ಲೆಕ್ಕ ಆಗಿದ್ದರೆ ಪ್ರತಿ ಬರಕ್ಕೂ ಅದೇ ಗತಿ ಆಗಬೇಕಿತ್ತು. ರೇಷನ್, ಕೂಲಿ, ಸಾಲ, ಬಸ್ಸು ಎಲ್ಲಾ ನಡುವೆ ಬರುತ್ತವೆ. ಇವನ್ನು ಬಿಡಿಸಿ ನೋಡೋಕೇ ಸಂಶೋಧನೆ.

ಪ್ರಶ್ನೆ: ಗಣಿ ಮುಚ್ಚಿದ ಮೇಲೆ ನಮ್ಮಪ್ಪ, ಈಗ ನಾನು, ಮಾರಿಕುಪ್ಪಂ ರೈಲಿನಲ್ಲೇ ಬೆಂಗಳೂರಿಗೆ ಹೋಗಿ ಬರುತ್ತೇವೆ. ನಿಮ್ಮ ಲೆಕ್ಕದಲ್ಲಿ ನಾವು ವಲಸಿಗರಾ?
— ಕೆ.ಜಿ.ಎಫ್.

ಉತ್ತರ: ಅಲ್ಲ. ರಾತ್ರಿ ಮನೆಗೆ ಬಂದು ಮಲಗುವವರು ವಲಸೆಯ ಪಟ್ಟಿಗೆ ಸೇರಲ್ಲ, ಅದಕ್ಕೇ ನಿಮ್ಮಂಥ ಸಾವಿರಾರು ಜನರ ಕಷ್ಟ ಆ ಲೆಕ್ಕದಲ್ಲಿ ಬರಲ್ಲ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಯಾವ ವಾಹನ ಅಂತ ಕೇಳಿದ್ದರು, ಅಲ್ಲಿ ಮಾತ್ರ ನೀವು ಸ್ವಲ್ಪ ಕಾಣಿಸುತ್ತೀರಿ. 1880ರಿಂದ ಚಿನ್ನ ತೆಗೆದ ಊರು, 2001ರಲ್ಲಿ ಗಣಿ ನಿಂತಿತು. ಕೆಲಸ ಹೋದರೂ ಊರು ಖಾಲಿಯಾಗಲಿಲ್ಲ ಯಾಕೆ? ಕ್ವಾರ್ಟರ್ಸ್ ಇತ್ತು, ರೈಲು ಇತ್ತು, ಬೆಂಗಳೂರಿನ ಬಾಡಿಗೆಗಿಂತ ಪಾಸ್ ಅಗ್ಗ. ಒಂದು ರೈಲು ಒಂದು ಊರನ್ನೇ ವಲಸೆಯಿಂದ ತಡೆದಿದೆ ಅಂದರೆ ನಾನು ಒಪ್ಪುತ್ತೇನೆ. ಆದರೆ ಆ ರೈಲಲ್ಲಿ ನಿಂತುಕೊಂಡು ಹೋಗೋದು ನೀವು, ನಾನಲ್ಲ.

ಪ್ರಶ್ನೆ: ನರಸಾಪುರ ಸುತ್ತ ಎಲ್ಲಿ ನೋಡಿದರೂ ಬಿಹಾರ, ಒಡಿಶಾದ ಹುಡುಗರು. ನಮ್ಮದೇ ಬಿಲ್ಡಿಂಗಲ್ಲಿ ಬಾಡಿಗೆಗೆ ಇದ್ದಾರೆ. ಒಟ್ಟು ಎಷ್ಟು ಜನ ಬಂದಿದ್ದಾರೆ? ನಮ್ಮವರು ಅಲ್ಪಸಂಖ್ಯಾತರಾಗಿಬಿಡ್ತೀವಾ?
— ಮನೆ ಮಾಲೀಕರು, ನರಸಾಪುರ ಹೋಬಳಿ

ಉತ್ತರ: ಬಾಡಿಗೆಯೂ ಬೇಕು, ಭಯವೂ ಬೇಕು ಅಂದರೆ ಹೇಗೆ ಸಾರ್?

2011ರಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. 2021ರ ಗಣತಿ ನಡೆಯಲಿಲ್ಲ, ಮುಂದಿನದು 2027ಕ್ಕೆ ನಿಗದಿಯಾಗಿದೆ. ನಿಮ್ಮ ಭಾಗದಲ್ಲಿ ಕಾರ್ಖಾನೆಗಳು ಬಂದು ಬೆಳೆದದ್ದು ಬಹುಪಾಲು ಈ ನಡುವೆ. ಅದಕ್ಕೇ ಒಟ್ಟು ಎಷ್ಟು ಜನ ಬಂದರು ಅಂತ ಗಣತಿ ನೋಡಿ ಹೇಳೋಕಾಗಲ್ಲ. ಹೀಗೆ ಗಣತಿ ಇಲ್ಲದಾಗ ಬೇರೆ ದಾರಿ ಹುಡುಕಬೇಕಾಗುತ್ತದೆ. 2016–17ರ ಕೇಂದ್ರದ ಆರ್ಥಿಕ ಸಮೀಕ್ಷೆ ರೈಲಿನ ರಿಸರ್ವೇಷನ್ ಇಲ್ಲದ ಟಿಕೆಟ್‌ಗಳ ಲೆಕ್ಕ ಹಿಡಿದು, ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಅಂತ ಅಂದಾಜು ಮಾಡಿತು. ಬುದ್ಧಿವಂತ ಉಪಾಯ, ಅಲ್ವಾ?

ಹೊರಗಿನವರು ಅನ್ನೋ ಮಾತಿಗೆ ಇನ್ನೊಂದು ಲೆಕ್ಕ ಕೊಡ್ತೀನಿ. 2020–21ರ ರಾಷ್ಟ್ರೀಯ ಕಾರ್ಮಿಕ ಸಮೀಕ್ಷೆಯಲ್ಲಿ ಹೆಂಗಸರಲ್ಲಿ ಶೇ 47.9 ಮಂದಿ ವಲಸಿಗರು, ಗಂಡಸರಲ್ಲಿ ಶೇ 10.7. ಹಾಗೆ ವಲಸೆ ಬಂದ ಹೆಂಗಸರಲ್ಲಿ ಶೇ 86.8 ಮಂದಿಗೆ ಕಾರಣ ಮದುವೆ. ನಿಮ್ಮ ಮನೆಯವರ ತವರು ಚಿಂತಾಮಣಿಯೋ ಮಾಲೂರೋ ಆಗಿದ್ದರೆ ನಿಮ್ಮ ಮನೆಯಲ್ಲೇ ಒಬ್ಬ ವಲಸಿಗರಿದ್ದಾರೆ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ಬಂದು ನಮ್ಮ ಕೆರೆ ತುಂಬಿದೆ. ಊರು ಬಿಟ್ಟವರು ವಾಪಸ್ ಬರ್ತಾರಾ?
— ಶಿಕ್ಷಕಿ, ಕೋಲಾರ ತಾಲೂಕು

ಉತ್ತರ: ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಈ ಪ್ರಶ್ನೆ ಎಲ್ಲರೂ ಕೇಳ್ತಾರೆ. ಎರಡು ಹಂತದ ಸಂಸ್ಕರಣೆ ಸಾಕಾ, ಮೂರನೆಯದೂ ಬೇಕಾ ಅನ್ನೋ ಜಗಳ ಇನ್ನೂ ಇದೆ, ನನ್ನ ಮಟ್ಟಿಗೆ ಮೂರನೆಯದು ಬೇಕೇ ಬೇಕು.

ವಾಪಸ್ ಬರೋ ವಿಷಯಕ್ಕೆ ಬರೋಣ. ವಲಸೆ ಬಗ್ಗೆ ಮೊದಲು ನಿಯಮ ಬರೆದ ರೇವನ್‌ಸ್ಟೈನ್ 1885ರಲ್ಲೇ ಹೇಳಿದ್ದರು, ಪ್ರತಿ ಹರಿವಿಗೂ ಒಂದು ಎದುರು ಹರಿವು ಇರುತ್ತದೆ ಅಂತ. ಇರುತ್ತದೆ, ಆದರೆ ಹೋದವರೇ ಬರಬೇಕು ಅಂತೇನಿಲ್ಲ. ಮಕ್ಕಳು ಬೆಂಗಳೂರಿನ ಸ್ಕೂಲಿಗೆ ಸೇರಿದ ಮೇಲೆ ನೀರಿಗೋಸ್ಕರ ಯಾರೂ ಗಂಟುಮೂಟೆ ಕಟ್ಟಲ್ಲ. ಮನೆಗಳೂ ಚಿಕ್ಕದಾಗಿವೆ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1992–93ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.85, 2019–21ರಲ್ಲಿ 1.7. ಒಬ್ಬ ಮಗ ಹೋದರೆ ಜಮೀನು ನೋಡೋಕೆ ಇನ್ನೊಬ್ಬ ಇರುತ್ತಿದ್ದ ಕಾಲ ಮುಗಿಯಿತು. ನಾನಾಗಿದ್ದರೆ ಕೇಳೋದು ಬೇರೆ: ಕೆರೆ ಪಕ್ಕದ ಜಮೀನನ್ನು ಈಗ ಗುತ್ತಿಗೆಗೆ ಹಿಡಿದು ಟೊಮೆಟೊ ಇಡ್ತಿರೋರು ಯಾರು? 15 ಕೆ.ಜಿ. ಬಾಕ್ಸ್ ಮಂಡಿಗೆ ಹೋದಾಗ ಲಾಭ ಯಾರ ಜೇಬಿಗೆ? ನಿಮ್ಮ ಹೈಸ್ಕೂಲು ಮಕ್ಕಳ ಕೈಲೇ ಇದನ್ನು ಕೇಳಿ ಬರೆಸಿ, ಒಳ್ಳೇ ಪ್ರಾಜೆಕ್ಟ್ ಆಗುತ್ತದೆ.

ಪ್ರಶ್ನೆ: ಮಗಳು ಇದರಲ್ಲೇ ಪಿಎಚ್.ಡಿ. ಮಾಡ್ತೀನಿ ಅಂತಾಳೆ. ಅನ್ನ ಹುಟ್ಟುತ್ತಾ? ಹಳ್ಳಿ ಹಳ್ಳಿ ಅಲೆಯೋದು ಹೆಣ್ಣುಮಗುವಿಗೆ ಆಗುತ್ತಾ?
— ತಾಯಿ, ಬಂಗಾರಪೇಟೆ

ಉತ್ತರ: ಹುಟ್ಟುತ್ತೆ ಅಮ್ಮಾ, ನಿಧಾನಕ್ಕೆ. ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಮುಂಬೈನ ದೇವನಾರ್‌ನಲ್ಲಿ 1956ರಿಂದ ಜನಸಂಖ್ಯಾ ಅಧ್ಯಯನಕ್ಕೇ ಒಂದು ಸಂಸ್ಥೆ ಇದೆ, ಐಐಪಿಎಸ್. ಹತ್ತಿರ ಬೇಕಂದ್ರೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್. ಅಲ್ಲೂ ಜನಸಂಖ್ಯಾ ಸಂಶೋಧನಾ ಕೇಂದ್ರ ಇದೆ, ಧಾರವಾಡದಲ್ಲೂ ಇದೆ. ಈಗಿನಿಂದಲೇ ಅಂಕಿಅಂಶ ಕಲಿಯಲಿ. ಅಂಕಿಅಂಶಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಉಚಿತ ಸಾಫ್ಟ್‌ವೇರ್. ಸಮಾಜಶಾಸ್ತ್ರದವರು ಲೆಕ್ಕ ಅಂದರೆ ದೂರ ಓಡ್ತಾರೆ, ಕೆಲಸಕ್ಕೆ ಅಲ್ಲೇ ಏಟು ಬೀಳೋದು.

ಅಲೆಯೋದರ ಬಗ್ಗೆ ಹೆದರಬೇಡಿ. ಗಂಡಸರಾದರೆ ಹೊರಗಿನ ಜಗಲಿವರೆಗೆ ಮಾತ್ರ. ಇವಳನ್ನು ಅಡುಗೆಮನೆಗೇ ಕರೀತಾರೆ, ಮಗ ದುಡ್ಡು ಕಳಿಸ್ತಾನೋ ಇಲ್ವೋ ಅನ್ನೋ ನಿಜ ಅಲ್ಲೇ ಗೊತ್ತಾಗೋದು. ತೆಲುಗು ಚೆನ್ನಾಗಿ ಬರುತ್ತಾ ಕೇಳಿ. ನಮ್ಮ ಗಡಿ ಹಳ್ಳಿಗಳಲ್ಲಿ ಅದಿಲ್ಲದೆ ಅರ್ಧ ಮಾತು ತಪ್ಪಿಹೋಗುತ್ತದೆ.