ಮಿರ್ಚಿ ಕದ್ದು ತಿನ್ನುತ್ತಿದ್ದವರು

ಹೆಸರು ಹೇಳುವುದಿಲ್ಲ, ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು, ವಯಸ್ಸು 43, ಎತ್ತರ 168 ಸೆಂ.ಮೀ., ತೂಕ 88 ಕೆ.ಜಿ. ತೂಕ ಇಳಿಸುವ ಸಲಹೆಗೆ ಅಂತ ಜೂನ್‌ನಲ್ಲಿ ಹೆಂಡತಿಯೇ ನನ್ನ ಹತ್ತಿರ ಕರೆದುಕೊಂಡು ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರು. "ಇವರಿಗೆ ಬಾಯಿ ಕಟ್ಟೋದು ಗೊತ್ತಿಲ್ರೀ ಮೇಡಂ. ಸಂಜೀಕ ಮಿರ್ಚಿ ಭಜಿ ತಿಂದು, ಬಾಯಿ ತೊಳಕೊಂಡು ಮನೀಗೆ ಬರ್ತಾರ."

ಇವರು ನೆಲ ನೋಡುತ್ತಾ ಕೂತಿದ್ದರು.

ಪ್ರಯತ್ನ ಮಾಡದ ಮನುಷ್ಯ ಅಲ್ಲ. ಹಿಂದಿನ ವರ್ಷ ಯಾರೋ ಹೇಳಿದರು ಅಂತ ಎರಡು ಹೊತ್ತು ಪೌಡರ್ ಕಲಸಿ ಕುಡಿದು, ಒಂದೇ ಹೊತ್ತು ಊಟ ಮಾಡಿ, ಐದು ವಾರದಲ್ಲಿ 7 ಕೆ.ಜಿ. ಇಳಿಸಿದ್ದರು. ಪೌಡರ್ ಬಿಟ್ಟ ನಾಲ್ಕು ತಿಂಗಳಲ್ಲಿ 9 ಕೆ.ಜಿ. ವಾಪಸ್. ಇದರಲ್ಲಿ ಆಶ್ಚರ್ಯ ಏನಿಲ್ಲ. ಮೊದಲ ದಿನಗಳಲ್ಲಿ ಇಳಿಯುವುದು ಜಾಸ್ತಿ ನೀರೇ, ಆಮೇಲೆ ಅರೆಹೊಟ್ಟೆಯಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ತೂಕ ಮರಳುವಾಗ ಮಾತ್ರ ಹೆಚ್ಚಾಗಿ ಕೊಬ್ಬಾಗಿಯೇ ಮರಳುತ್ತದೆ.

ನಂತರ ಅಂಜನಾದ್ರಿ ಬೆಟ್ಟ. ಪ್ರತಿ ಶನಿವಾರ ಉಪವಾಸ ಮಾಡಿ 575 ಮೆಟ್ಟಿಲು ಹತ್ತುತ್ತೇನೆ ಅಂತ ಹನುಮಪ್ಪನಿಗೆ ಹರಕೆ. ಏಪ್ರಿಲ್ ಬಿಸಿಲು, ಖಾಲಿ ಹೊಟ್ಟೆ, ಮಧ್ಯಾಹ್ನ ಹನ್ನೆರಡು. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು, ಯಾರೋ ನೀರು ಬೆಲ್ಲ ಕೊಟ್ಟು ಇಳಿಸಿದರು. ಅವತ್ತಿಂದ "ನನ್ನ ಕೈಲಿ ಆಗೋದಲ್ಲ" ಅಂತ ಬಿಟ್ಟಿದ್ದರು. ಹನುಮಪ್ಪ ಏನೂ ಅಂದುಕೊಂಡಿರಲ್ಲ ಬಿಡಿ ಅಂದೆ, ಆಗ ಮೊದಲ ಸಲ ನಕ್ಕರು.

ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಆಮೇಲೆ ಬಂತು ನಿಜವಾದ ಮಾತು: "ಮನಿಯಾಗ ನನ್ನ ತಾಟೇ ನೋಡ್ತಿರ್ತಾರ್ರೀ. ಹೊರಗ ಕೂತ್ರ, ನಾಳೆಯಿಂದ ಬಿಡೋದೈತಲ್ಲ ಅಂತ ನಾಕು ತಿನ್ನೋನು ಎಂಟು ತಿಂತೀನಿ."

ನನಗೆ ತೂಕಕ್ಕಿಂತ ಈ ಮಾತೇ ಮುಖ್ಯ ಅನಿಸಿತು. ಪೂರ್ತಿ ಬಿಡಬೇಕು ಅಂದುಕೊಂಡಷ್ಟೂ ಆ ಮಿರ್ಚಿ ದಿನಾ 'ಕೊನೆಯ ಮಿರ್ಚಿ' ಆಗುತ್ತದೆ, ಕೊನೆಯದ್ದು ಅಂದಮೇಲೆ ಯಾರು ಎರಡಕ್ಕೆ ನಿಲ್ಲಿಸುತ್ತಾರೆ? ಅದಕ್ಕೇ ಮೊದಲ ಸಲಹೆ ಕೊಟ್ಟಿದ್ದು ಹೆಂಡತಿಗೆ: ಕಾವಲು ಬಿಡಿ. ಬುಧವಾರ, ಭಾನುವಾರ ಮಿರ್ಚಿ ಮನೆಗೇ ಬರಲಿ. ಇವರಿಗೆ ಎರಡು, ತಾಟಿನಲ್ಲಿ, ಎಲ್ಲರ ಎದುರಿಗೆ. ಆಯಮ್ಮ ನನ್ನ ಮುಖ ನೋಡಿದ ರೀತಿ, ಫೀಸು ವಾಪಸ್ ಕೇಳುತ್ತಾರೇನೋ ಅಂದುಕೊಂಡೆ.

ಉಳಿದದ್ದಕ್ಕೆ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಶುಗರ್, ಥೈರಾಯ್ಡ್, ಬಿಪಿ ನೋಡಬೇಕಿತ್ತು. ರಾತ್ರಿ ಜೋರು ಗೊರಕೆ, ಹಗಲು ಲೆಕ್ಕದ ಪುಸ್ತಕದ ಮೇಲೆ ತೂಕಡಿಕೆ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿರಬಹುದು, ಅದನ್ನೂ ಹೇಳಿ ಅಂದೆ. ಮೂರು ತಿಂಗಳ ಸರಾಸರಿ ಶುಗರ್ (HbA1c) 6.1 ಬಂತು. ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸ್ತಿಲು. ಮಾತ್ರೆ ಇನ್ನೂ ಬೇಡ ಅಂದರಂತೆ. ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು, ಶುಗರ್ ಒಮ್ಮೆಲೇ ಕುಸಿಯಬಹುದು.

ಊಟದಲ್ಲಿ ಹೊಸದೇನೂ ತರಿಸಲಿಲ್ಲ. ಭತ್ತದ ಊರು, ಮೂರೂ ಹೊತ್ತು ಸೋನಾ ಮಸೂರಿ ಅನ್ನ ನಡೆಯುತ್ತಿತ್ತು. ಮಧ್ಯಾಹ್ನದ್ದು ಇರಲಿ, ರಾತ್ರಿ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು ಅಂದೆ. ಜೋಳ ತಿಂದರೆ ತೂಕ ತಾನೇ ಇಳಿಯುತ್ತದೆ ಅಂತ ಹೇಳುವವರಿದ್ದಾರಲ್ಲ, ಹಾಗೇನಿಲ್ಲ, ಅಕ್ಕಿಗೂ ಜೋಳಕ್ಕೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅಷ್ಟೇ. ಅದೇ ರೊಟ್ಟಿಗೆ ಶೇಂಗಾ ಚಟ್ನಿಪುಡಿ ರಾಶಿ ಹಾಕಿ ಮೇಲೆ ಎಣ್ಣೆ ಸುರಿದುಕೊಂಡರೆ ಲೆಕ್ಕ ಮತ್ತೆ ಅಲ್ಲಿಗೇ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ.

ದೊಡ್ಡ ಕಳ್ಳ ಸಿಕ್ಕಿದ್ದು ಮಿಲ್ಲಿನಲ್ಲಿ. ದಿನಕ್ಕೆ ಏಳು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಬರೆಯುವವರಲ್ವಾ, ಅವರಿಂದಲೇ ಲೆಕ್ಕ ಹಾಕಿಸಿದೆ. ಹದಿನಾಲ್ಕು ಚಮಚ, ಚಮಚಕ್ಕೆ 5 ಗ್ರಾಂ, ದಿನಕ್ಕೆ 70 ಗ್ರಾಂ. ತಿಂಗಳಿಗೆ ಎರಡು ಕೆ.ಜಿ. ಮೇಲೆ! ಪೆನ್ನು ಕೆಳಗಿಟ್ಟು ಸುಮ್ಮನಾದರು. ಮೂರು ಚಹಾ, ಒಂದೊಂದೇ ಚಮಚ ಅಂತ ಅವರೇ ಹೇಳಿದ್ದು, ನಾನಲ್ಲ.

ನಡಿಗೆ ಕಾಲುವೆ ದಂಡೆಯ ಮೇಲೆ, ಸೂರ್ಯ ಏರುವ ಮೊದಲು. ಮೊದಲ ಎರಡು ವಾರ ಬರೀ ಹದಿನೈದು ನಿಮಿಷ, ಆಮೇಲೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ವಾರದಲ್ಲಿ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು. ಸ್ನಾಯು ಉಳಿಯಬೇಕಲ್ಲ. ತೂಕ ವಾರಕ್ಕೊಮ್ಮೆ ಮಾತ್ರ ನೋಡಬೇಕು, ಅರ್ಧ ಕೆ.ಜಿ. ಇಳಿದರೆ ಸಾಕು. ಜೊತೆಗೆ ಸೊಂಟದ ಅಳತೆ. ನಮ್ಮ ಗಂಡಸರಿಗೆ 90 ಸೆಂ.ಮೀ. ಒಳಗಿದ್ದರೆ ಒಳ್ಳೆಯದು, ಇವರದು 106 ಇತ್ತು.

ನಾಗರಪಂಚಮಿ ಹಬ್ಬದ ಉಂಡಿ ಬಂದವು, ಎರಡು ವಾರದಲ್ಲಿ ಒಂದು ಕೆ.ಜಿ. ಏರಿತು. ಫೋನ್ ಮಾಡಿ ಅವರೇ ಹೇಳಿದರು. ಮೊದಲಾಗಿದ್ದರೆ ಮುಚ್ಚಿಡುತ್ತಿದ್ದರು. ಏನು ಮಾಡಲಿ ಅಂದದ್ದಕ್ಕೆ, ಉಪವಾಸ ಬೇಡ, ನಾಳೆ ಎಂದಿನಂತೆ ನಡೀರಿ ಅಂದೆ.

ಹದಿನಾಲ್ಕನೇ ವಾರ ತೂಕ 83, ಸೊಂಟ 100. ಮಿರ್ಚಿ ಕೆಲವು ಬುಧವಾರ ತರುವುದೇ ಮರೆಯುತ್ತಾರಂತೆ. ಈ ಸಲ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು: "ನಾನೂ ಇವರ ಜೋಡಿ ಕಾಲುವೀಗೆ ಹೊಂಟೀನ್ರೀ ಮೇಡಂ, ಆದ್ರ ಮೊಣಕಾಲು ನೋಯ್ತಾವು. ನನ್ನ ಹೆಸರೂ ಬರಕೋತೀರೇನು?"