ಮರಳಿನಿಂದೆದ್ದ ಆ ಕೈಯೊಂದಕ್ಕಾಗಿ ಉರುಗ್ವೆಗೆ ಹೋಗಬೇಕೆ? ಅಲ್ಲಿನ ಕರಾವಳಿಯಲ್ಲಿ ಬೇರೇನಿದೆ?

ನೀವು ಕೇಳಿರುವುದು ಇಷ್ಟು: ಜನವರಿಯ ಕೊನೆಗೆ ಬ್ಯೂನಸ್ ಐರಿಸ್‌ಗೆ ಹೊರಟಿದ್ದೀರಿ, ಐದಾರು ದಿನ ಹೆಚ್ಚಿಗೆ ಉಳಿಯುತ್ತದೆ, ಜೊತೆಗೆ ವಯಸ್ಸಾದ ತಂದೆತಾಯಿ ಇದ್ದಾರೆ, ಅವರು ಸಸ್ಯಾಹಾರಿಗಳು. ಮರಳಿನಿಂದ ಮೇಲೆದ್ದ ಐದು ಬೆರಳುಗಳ ಚಿತ್ರವನ್ನು ಎಲ್ಲೋ ನೋಡಿದ್ದೀರಿ. ಅದನ್ನು ನೋಡಲು ನದಿ ದಾಟಿ ಉರುಗ್ವೆಯವರೆಗೆ ಹೋಗಬೇಕೆ ಎಂಬುದು ಪ್ರಶ್ನೆ.

ಅದೊಂದಕ್ಕಾಗಿ ಬೇಡ. ಆದರೆ ಖಂಡಿತ ಹೋಗಿ. ನಾನು ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಾಗಲೆಲ್ಲ ಪೂರ್ವದ ಕಡಲಿನತ್ತ ಬಸ್ಸು ಹತ್ತುತ್ತೇನೆ. ಮೊಂಟೆವಿಡಿಯೊದಿಂದ ಬ್ರೆಜಿಲ್ ಗಡಿಯವರೆಗಿನ ಈ ಕರಾವಳಿಯಲ್ಲಿ ವಿಚಿತ್ರವಾದ ಕಟ್ಟಡಗಳು, ಸೇತುವೆಗಳು, ಶಿಲ್ಪಗಳು ದಾರಿಯುದ್ದಕ್ಕೂ ಸಿಗುತ್ತವೆ. ನನಗೆ ಅವು ಇಷ್ಟವಾಗಲು ಒಂದು ಕಾರಣವಿದೆ. ಅವುಗಳ ವಿಚಿತ್ರ ರೂಪ ಬಹುಮಟ್ಟಿಗೆ ಒಂದು ಅಗತ್ಯದಿಂದ ಹುಟ್ಟಿದ್ದು. ಆ ಅಗತ್ಯ ಏನೆಂದು ತಿಳಿದುಕೊಂಡು ನೋಡಿದರೆ ಚಿತ್ರ ತೆಗೆದು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಮೊದಲು ಆ ಕೈಯನ್ನೇ ಮುಗಿಸುತ್ತೇನೆ. ಅದು ಇರುವುದು ಪುಂತಾ ದೆಲ್ ಎಸ್ತೆ ಎಂಬ ಊರಿನಲ್ಲಿ. ನೀರಿನೊಳಕ್ಕೆ ಚಾಚಿಕೊಂಡ ಒಂದು ಭೂಶಿರದ ಮೇಲೆ ಈ ಊರು ಕುಳಿತಿದೆ. ಅದರ ಒಂದು ಮಗ್ಗುಲಿಗೆ ರಿಯೊ ದೆ ಲಾ ಪ್ಲಾತಾ ನದಿಯ ಅಗಾಧ ಅಳಿವೆ, ಇನ್ನೊಂದು ಮಗ್ಗುಲಿಗೆ ಅಟ್ಲಾಂಟಿಕ್ ಸಾಗರ. ಅಳಿವೆಯ ಕಡೆಯ ದಂಡೆ ಮಾನ್ಸಾ, ಅಂದರೆ ಸಾಧು. ಸಾಗರದ ಕಡೆಯದು ಬ್ರಾವಾ, ಅಂದರೆ ಒರಟು. ಹತ್ತು ಹದಿನೈದು ನಿಮಿಷ ನಡೆದರೆ ಒಂದರಿಂದ ಇನ್ನೊಂದಕ್ಕೆ ಬರಬಹುದು. ಒಂದು ಕಡೆ ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿದ್ದರೆ, ಇನ್ನೊಂದು ಕಡೆ ಅಲೆ ಕಾಲನ್ನು ಸೆಳೆದುಕೊಂಡು ಹೋಗುತ್ತದೆ. 1982ರಲ್ಲಿ ಇಲ್ಲಿ ಬಯಲಿನಲ್ಲಿ ಶಿಲ್ಪ ನಿಲ್ಲಿಸುವವರ ಅಂತರರಾಷ್ಟ್ರೀಯ ಸಮಾವೇಶ ನಡೆಯಿತು. ಬಂದವರೆಲ್ಲ ಊರಿನ ಚೌಕದಲ್ಲಿನ ಜಾಗಕ್ಕಾಗಿ ಪೈಪೋಟಿಗೆ ಬಿದ್ದಾಗ, ಚಿಲಿಯ ಮಾರಿಯೊ ಇರರ್ರಾಸಾಬಲ್ ಎಂಬ ಶಿಲ್ಪಿ ನೇರವಾಗಿ ಬ್ರಾವಾ ದಂಡೆಗೆ ಹೋದರು. ಕಬ್ಬಿಣದ ಸರಳು ಹೆಣೆದು, ಕಾಂಕ್ರೀಟು ಮೆತ್ತಿ, ಕೆಲವೇ ದಿನಗಳಲ್ಲಿ ಐದು ಬೆರಳುಗಳನ್ನು ನಿಲ್ಲಿಸಿದರು. ಅದು ಮುಳುಗುತ್ತಿರುವವನ ಕೈ, ಈ ನೀರಿಗೆ ಇಳಿಯುವವರಿಗೆ ಎಚ್ಚರಿಕೆ. ಹಾಗಾಗಿ ಅದು ಸಾಧು ದಂಡೆಯಲ್ಲಿರದೆ ಒರಟು ದಂಡೆಯಲ್ಲಿದೆ. ಇದೇ ಶಿಲ್ಪಿ ಹತ್ತು ವರ್ಷಗಳ ನಂತರ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, ಆಂತೊಫಗಾಸ್ತಾ ನಗರದ ದಕ್ಷಿಣಕ್ಕೆ, ಹನ್ನೊಂದು ಮೀಟರ್ ಎತ್ತರದ ಇನ್ನೊಂದು ಕೈಯನ್ನು ನಿಲ್ಲಿಸಿದರು.

ಪುಂತಾ ದೆಲ್ ಎಸ್ತೆಯ ಬಸ್ ನಿಲ್ದಾಣದಿಂದ ರಸ್ತೆ ದಾಟಿದರೆ ಸಾಕು, ಕೈ ಎದುರಿಗಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗಿ. ಆಮೇಲೆ ಬೆರಳುಗಳ ಸಂದಿಯಲ್ಲಿ ಕುಳಿತು ಚಿತ್ರ ತೆಗೆಸಿಕೊಳ್ಳುವವರ ಗುಂಪು ಕರಗುವುದೇ ಇಲ್ಲ. ಜನವಿಲ್ಲದ ಹೊತ್ತಿನಲ್ಲಿ ಸಮುದ್ರಕ್ಕೆ ಬೆನ್ನು ಮಾಡಿ ನಿಂತು ನೋಡಿ. ಹೆಬ್ಬೆರಳು ತುಸು ಓರೆಯಾಗಿದೆ, ಬುಡದಲ್ಲಿ ಗಾಳಿ ಮರಳನ್ನು ಒಂದು ದಿನ ಗುಡ್ಡೆ ಹಾಕಿರುತ್ತದೆ, ಇನ್ನೊಂದು ದಿನ ಕೆರೆದುಹಾಕಿರುತ್ತದೆ. ಆದ್ದರಿಂದ ಕೈ ಒಮ್ಮೆ ಹೆಚ್ಚು ಮುಳುಗಿದಂತೆಯೂ ಒಮ್ಮೆ ಕಡಿಮೆ ಮುಳುಗಿದಂತೆಯೂ ಕಾಣುತ್ತದೆ. ಇಷ್ಟು ಹೇಳಿದ ಮೇಲೆ, ಪುಂತಾ ದೆಲ್ ಎಸ್ತೆಯಲ್ಲಿ ಹೆಚ್ಚು ದಿನ ತಂಗಲು ನಾನು ಹೇಳುವುದಿಲ್ಲ. ಅರ್ಜೆಂಟೀನಾ ಮತ್ತು ಬ್ರೆಜಿಲಿನ ಹಣವಂತರು ಜನವರಿಯಲ್ಲಿ ಇಲ್ಲಿಗೆ ಮುಗಿಬೀಳುತ್ತಾರೆ, ಕೊಠಡಿ ಬಾಡಿಗೆ ಗಗನಕ್ಕೇರಿರುತ್ತದೆ, ಎಲ್ಲೆಲ್ಲೂ ಬಹುಮಹಡಿ ಕಟ್ಟಡಗಳು. ಒಂದು ರಾತ್ರಿ ಸಾಕು.

ಆ ಒಂದು ಸಂಜೆಯನ್ನು ಕಸಾಪುಯೆಬ್ಲೊಗೆ ಮೀಸಲಿಡಿ. ಪುಂತಾ ದೆಲ್ ಎಸ್ತೆಗೆ ಸ್ವಲ್ಪ ಮೊದಲು ಸಿಗುವ ಪುಂತಾ ಬಯೇನಾ ಎಂಬ ಗುಡ್ಡದ ಇಳಿಜಾರಿನಲ್ಲಿ, ಸಮುದ್ರದ ಕಡೆಗೆ ಇಳಿದಿರುವ ಬಿಳಿಯ ಕಟ್ಟಡವದು. ಕಾರ್ಲೋಸ್ ಪಾಯೆಸ್ ವಿಲಾರೊ ಎಂಬ ಉರುಗ್ವೆಯ ಕಲಾವಿದ 1958ರಲ್ಲಿ ಇಲ್ಲಿ ಒಂದು ಮರದ ಮನೆ ಇಟ್ಟುಕೊಂಡು, ಅದರ ಸುತ್ತ ಗೋಡೆ ಮೆತ್ತುತ್ತ, ಕೋಣೆಗೆ ಕೋಣೆ ಸೇರಿಸುತ್ತ ಮೂರು ದಶಕಕ್ಕೂ ಮೀರಿ ಕಟ್ಟಿದರು. ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಮಣ್ಣಿನಲ್ಲಿ ಗುಮ್ಮಟದಂಥ ಗೂಡು ಕಟ್ಟುವ ಒರ್ನೆರೊ ಎಂಬ ಹಕ್ಕಿ ಈ ದೇಶದಲ್ಲಿ ಎಲ್ಲೆಡೆ ಕಾಣಸಿಗುತ್ತದೆ. ತಮ್ಮ ಮನೆಯನ್ನು ಅವರು ಹೋಲಿಸುತ್ತಿದ್ದುದು ಆ ಗೂಡಿಗೆ. ಗೋಡೆಯ ಮೇಲೆ ಅಂಗೈ ಇಟ್ಟರೆ ಸುಣ್ಣದ ಪದರದ ಕೆಳಗೆ ಕೈಯಿಂದ ಮೆತ್ತಿದ ಏರಿಳಿತ ತಿಳಿಯುತ್ತದೆ. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ಮೂಲೆ ನನ್ನನ್ನು ಪ್ರತಿ ಸಲವೂ ನಿಲ್ಲಿಸುತ್ತದೆ. 1972ರಲ್ಲಿ ಉರುಗ್ವೆಯ ರಗ್ಬಿ ತಂಡವಿದ್ದ ವಿಮಾನ ಆಂಡೀಸ್ ಪರ್ವತದಲ್ಲಿ ಬಿದ್ದಿತಲ್ಲ, ಎಪ್ಪತ್ತೆರಡು ದಿನಗಳ ನಂತರ ಹದಿನಾರು ಮಂದಿ ಬದುಕಿ ಬಂದರು. ಅವರಲ್ಲೊಬ್ಬ ಈ ಕಲಾವಿದನ ಮಗ. ಸರ್ಕಾರಿ ಹುಡುಕಾಟ ನಿಂತ ಮೇಲೂ ತಂದೆ ಹುಡುಕುವುದನ್ನು ಬಿಟ್ಟಿರಲಿಲ್ಲ.

ಸಂಜೆ, ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ, ಅವರು ಸೂರ್ಯನಿಗೆ ಬರೆದ ವಿದಾಯದ ಮಾತುಗಳನ್ನು ಅವರದೇ ಧ್ವನಿಯಲ್ಲಿ ಕೇಳಿಸುತ್ತಾರೆ. ಅವರು ತೀರಿಕೊಂಡದ್ದು 2014ರಲ್ಲಿ, ಧ್ವನಿ ಮಾತ್ರ ದಿನವೂ ಕೇಳಿಸುತ್ತದೆ. ಸ್ಪ್ಯಾನಿಷ್ ಬಾರದಿದ್ದರೂ ಕುಳಿತು ಕೇಳಿ. ಜನವರಿಯಲ್ಲಿ ಸೂರ್ಯಾಸ್ತ ರಾತ್ರಿ ಎಂಟರ ಆಸುಪಾಸು ಎಂಬುದು ನೆನಪಿರಲಿ. ಬಸ್ಸಿನಲ್ಲಿ ಹೋದರೆ ಹೆದ್ದಾರಿಯಲ್ಲಿ ಇಳಿದು ಸುಮಾರು ಎರಡು ಕಿಲೋಮೀಟರ್ ನಡೆಯಬೇಕಾಗುತ್ತದೆ. ತಂದೆತಾಯಿ ಇರುವುದರಿಂದ ಟ್ಯಾಕ್ಸಿ ಮಾಡಿಕೊಳ್ಳಿ, ಮತ್ತು ವಾಪಸಾತಿಗೂ ಅದೇ ಟ್ಯಾಕ್ಸಿಗೆ ಹೇಳಿಡಿ. ಒಳಗೆ ಮೆಟ್ಟಿಲುಗಳೂ ಬಹಳ, ನಿಧಾನವಾಗಿ ಇಳಿಯಲಿ.

ಮರುದಿನ ಪೂರ್ವಕ್ಕೆ ಹೊರಟರೆ ಲಾ ಬಾರ್ರಾದ ಸೇತುವೆ ಸಿಗುತ್ತದೆ. ಅದು ಎರಡು ಡುಬ್ಬಗಳ ಅಲೆಯಂತಿದೆ, ಕಾರು ಡುಬ್ಬ ಹತ್ತಿ ಇಳಿಯುವಾಗ ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುತ್ತದೆ. ಮಕ್ಕಳು ಇನ್ನೊಮ್ಮೆ ಇನ್ನೊಮ್ಮೆ ಎಂದು ಹಟ ಹಿಡಿಯುವ ಸೇತುವೆ ಇದು. ಆದರೆ ಲಿಯೊನೆಲ್ ವಿಯೆರಾ ಇದನ್ನು ತಮಾಷೆಗೆ ಕಟ್ಟಿದ್ದಲ್ಲ. ಎಂಜಿನಿಯರಿಂಗ್ ಪದವಿ ಇಲ್ಲದ ಕಟ್ಟಡಗಾರ ಅವರು. ಕಂಬದಿಂದ ಕಂಬಕ್ಕೆ ಉಕ್ಕಿನ ಹುರಿಗಳನ್ನು ಇಳಿಬಿಟ್ಟು, ಅವುಗಳ ಮೇಲೆ ಕಾಂಕ್ರೀಟಿನ ಹಲಗೆಗಳನ್ನು ಜೋಡಿಸಿ, ಅವುಗಳ ಮೇಲೆ ಭಾರ ಹೇರಿದರು. ಭಾರಕ್ಕೆ ಹುರಿ ಹಿಗ್ಗಿ ಹಲಗೆಗಳ ನಡುವಿನ ಸಂದಿ ಬಿಚ್ಚಿಕೊಳ್ಳುತ್ತದೆ. ಆ ಸಂದಿಗಳಿಗೆ ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಮೇಲೆ ಭಾರ ತೆಗೆದರೆ ಹುರಿ ಮತ್ತೆ ಬಿಗಿದುಕೊಂಡು ಇಡೀ ಹಾಸನ್ನು ಒಂದೇ ತುಂಡಿನಂತೆ ಹಿಡಿದಿಡುತ್ತದೆ. ಜೋತುಬಿದ್ದ ಹುರಿಯ ಬಾಗೇ ರಸ್ತೆಯ ಬಾಗು. ಮೊದಲನೆಯದು 1965ರದು, ಪಕ್ಕದಲ್ಲಿ ಅದೇ ಆಕಾರದ ಎರಡನೆಯದನ್ನು 1990ರ ದಶಕದ ಕೊನೆಗೆ ಕಟ್ಟಿದರು.

ಇನ್ನೂ ಮುಂದೆ, ಹೊಸೆ ಇಗ್ನಾಸಿಯೊ ಎಂಬ ಊರಿನ 1877ರ ದೀಪಸ್ತಂಭ ದಾಟಿದ ಮೇಲೆ, ಗರ್ಸೋನ್ ಎಂಬ ಹಿನ್ನೀರ ಸರೋವರದ ಮೇಲೆ ದುಂಡಗಿನ ಸೇತುವೆ ಇದೆ. ರಸ್ತೆ ನೀರಿನ ನಡುವೆ ಇಬ್ಭಾಗವಾಗಿ ಬಳೆಯಾಕಾರದಲ್ಲಿ ಸುತ್ತಿ ಮತ್ತೆ ಒಂದಾಗುತ್ತದೆ. ಉರುಗ್ವೆಯಲ್ಲಿ ಹುಟ್ಟಿ ಜಗತ್ತಿನಾದ್ಯಂತ ಕಟ್ಟಡ ಕಟ್ಟಿದ ರಫಾಯೆಲ್ ವಿನ್ಯೋಲಿ ಇದರ ವಿನ್ಯಾಸಕಾರರು. 2015ರ ಡಿಸೆಂಬರಿನಲ್ಲಿ ತೆರೆಯಿತು. ಅಲ್ಲಿಯವರೆಗೆ ತೆಪ್ಪದ ಮೇಲೆ ಬೆರಳೆಣಿಕೆಯ ಕಾರುಗಳನ್ನು ಇಟ್ಟು ದಾಟಿಸುತ್ತಿದ್ದರು. ನೇರ ಸೇತುವೆ ಬಂದರೆ ಕಾರುಗಳು ಶರವೇಗದಲ್ಲಿ ನುಗ್ಗಿ ಆ ಪ್ರಶಾಂತ ಜಾಗ ಹಾಳಾಗುತ್ತದೆಂಬ ಆತಂಕವಿತ್ತು, ದುಂಡಗೆ ಮಾಡಿದರೆ ಎಲ್ಲರೂ ನಿಧಾನಿಸಲೇಬೇಕು. ಅಂಚಿನಲ್ಲಿ ಕಾಲುದಾರಿ ಇದೆ. ಗಾಡಿ ನಿಲ್ಲಿಸಿ ಒಂದು ಸುತ್ತು ನಡೆಯಿರಿ, ಗಾಳ ಹಾಕಿ ಕುಳಿತವರು ಸಿಗುತ್ತಾರೆ.

ಇವೆಲ್ಲಕ್ಕಿಂತ ನನಗೆ ಮಿಗಿಲಾದದ್ದು ಇದೇ ಕರಾವಳಿಯ ಕಾಬೊ ಪೊಲೊನಿಯೊ ಎಂಬ ಪುಟ್ಟ ಊರು. ನಿಮಗೆ ಮೂರೇ ದಿನ ಸಿಕ್ಕಿದರೂ ಬೇರೆಯದನ್ನು ಬಿಟ್ಟು ಇಲ್ಲಿ ಒಂದು ರಾತ್ರಿ ಇರಿ ಎಂದೇ ಹೇಳುತ್ತೇನೆ. 2009ರಿಂದ ಇದು ರಾಷ್ಟ್ರೀಯ ಉದ್ಯಾನ. ಊರೊಳಕ್ಕೆ ರಸ್ತೆಯಿಲ್ಲ, ವಿದ್ಯುತ್ ತಂತಿಯಿಲ್ಲ, ಎಟಿಎಂ ಇಲ್ಲ. ಹೆದ್ದಾರಿಯ ಬದಿಯ ನಿಲ್ದಾಣದಲ್ಲಿ ನಿಮ್ಮ ವಾಹನ ಬಿಟ್ಟು, ಎತ್ತರದ ಚಕ್ರಗಳ ತೆರೆದ ಲಾರಿ ಹತ್ತಬೇಕು. ಅದು ಮರಳು ದಿಬ್ಬಗಳ ನಡುವೆ ಓಲಾಡುತ್ತ ಸುಮಾರು ಏಳು ಕಿಲೋಮೀಟರ್ ಸಾಗಿ, ಕೊನೆಗೆ ಕಡಲಂಚಿಗೆ ಬರುತ್ತದೆ. ಅಲ್ಲೊಂದಿಷ್ಟು ಬಣ್ಣಬಣ್ಣದ ಪುಟ್ಟ ಮನೆಗಳು ಬೇಲಿಯಿಲ್ಲದೆ ಹುಲ್ಲಿನ ಮೇಲೆ ಚದುರಿಕೊಂಡಿವೆ. ಭೂಶಿರದ ತುದಿಯಲ್ಲಿ 1881ರ ದೀಪಸ್ತಂಭ. ಅದರ ಬುಡದ ಬಂಡೆಗಳ ತುಂಬ ಕಡಲಸಿಂಹಗಳು. ಮೊದಲು ಮೂಗಿಗೆ ವಾಸನೆ ಬರುತ್ತದೆ, ಆಮೇಲೆ ಗೊಗ್ಗರು ದನಿಯ ಕೂಗು, ಕೊನೆಗೆ ಕಣ್ಣಿಗೆ ಬೀಳುತ್ತವೆ. ಬಂಡೆಯ ಬಣ್ಣದ್ದೇ ಮೈ ಆದ್ದರಿಂದ ಒಂದು ಅಲುಗಾಡುವವರೆಗೂ ಅಷ್ಟೊಂದು ಇವೆ ಎಂದು ಗೊತ್ತೇ ಆಗುವುದಿಲ್ಲ. ದೊಡ್ಡ ಗಂಡು ಕತ್ತೆತ್ತಿ ಪಕ್ಕದ ಮರಿಗಳನ್ನು ಲೆಕ್ಕಿಸದೆ ಮೈಮೇಲೆಯೇ ಹಾದುಹೋಗುತ್ತದೆ. ಬಂಡೆಗಳ ಕಡೆಯ ಬೇಲಿಯಾಚೆಗೆ ಹೋಗಬೇಡಿ.

ರಾತ್ರಿಯ ಮಾತೇ ಬೇರೆ. ದೀಪಸ್ತಂಭದ ಬೆಳಕು ಸರದಿಯಂತೆ ಬಂದು ಹೋಗುತ್ತದೆ, ಉಳಿದಂತೆ ಮೇಣದ ಬತ್ತಿ, ಸೌರದೀಪ. ಬೆಂಗಳೂರಿನಲ್ಲಿ ಬೆಳೆದ ನಾನು ದಕ್ಷಿಣಾರ್ಧಗೋಳದ ಆಕಾಶವನ್ನು ನಿಜವಾಗಿ ನೋಡಿದ್ದು ಇಲ್ಲಿಯೇ. ಆಕಾಶಗಂಗೆ ಸ್ಪಷ್ಟವಾಗಿ ಹರಡಿರುತ್ತದೆ, ಅದರ ಪಕ್ಕದಲ್ಲಿ ಎರಡು ಮಸುಕು ಮೋಡದ ತುಣುಕಿನಂತೆ ಕಾಣುವುವು ಮೆಗೆಲಾನಿಕ್ ಮೋಡಗಳೆಂಬ ಬೇರೆಯೇ ಗೆಲಾಕ್ಸಿಗಳು. ನಮ್ಮ ಊರಿನಿಂದ ಅವು ಬರಿಗಣ್ಣಿಗೆ ಹೀಗೆ ಕಾಣುವುದಿಲ್ಲ. ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಅಲೆ ಒಡೆಯುವ ಕಡೆ ನೀರೇ ನೀಲಿಯಾಗಿ ಮಿನುಗುತ್ತದೆ. ಸೂಕ್ಷ್ಮಜೀವಿಗಳ ಬೆಳಕು ಅದು. ಒದ್ದೆ ಮರಳಿನ ಮೇಲೆ ಹೆಜ್ಜೆ ಇಟ್ಟರೆ ಹೆಜ್ಜೆಯ ಸುತ್ತಲೂ ಕಿಡಿ ಏಳುತ್ತದೆ. ಇದು ಸಿಗುವುದು ಅದೃಷ್ಟದ ಮೇಲೆ.

ತಂದೆತಾಯಿಗೆ ಲಾರಿ ಪ್ರಯಾಣ ಆಗುತ್ತದೆಯೇ? ಬೆನ್ನುನೋವಿಲ್ಲದಿದ್ದರೆ ಆಗುತ್ತದೆ. ಮೇಲಿನ ಸೀಟಿಗೆ ಏಣಿ ಹತ್ತಬೇಕಾಗುತ್ತದೆ, ಅವರನ್ನು ಕೆಳಗೆ ಕೂರಿಸಿ. ಸೂಟ್‌ಕೇಸುಗಳನ್ನು ಹಿಂದೆಯೇ ಬಿಟ್ಟು ಒಂದು ರಾತ್ರಿಗೆ ಬೇಕಾದಷ್ಟನ್ನು ಚೀಲದಲ್ಲಿ ಹಾಕಿಕೊಳ್ಳಿ. ನಗದು ಹಣ, ಟಾರ್ಚು ಮತ್ತು ಸ್ವೆಟರ್ ಮರೆಯಬೇಡಿ, ಜನವರಿಯಲ್ಲೂ ರಾತ್ರಿ ಗಾಳಿ ಚಳಿ ಹುಟ್ಟಿಸುತ್ತದೆ. ಹಗಲಿನ ಬಿಸಿಲು ಬಹಳ ತೀಕ್ಷ್ಣ, ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ತಿಳಿಯುವುದಿಲ್ಲ, ಟೋಪಿ ಕಡ್ಡಾಯ.

ಮೊಂಟೆವಿಡಿಯೊಗೆ ವಾಪಸು ಬರುವಾಗ ಅತ್ಲಾಂತಿದಾದಲ್ಲಿ ಇಳಿಯಿರಿ. ದಂಡೆಯ ಬಳಿ ಹದ್ದಿನ ತಲೆಯಾಕಾರದ ಒಂದು ಕಟ್ಟಡವಿದೆ, 1945ರ ಕಾಲದ್ದು. ಅದರ ಬಗ್ಗೆ ನಾಜಿ ಗೂಢಚಾರರ ಕಥೆಗಳು ಬಾಯಿಂದ ಬಾಯಿಗೆ ಹರಿದಾಡುತ್ತವೆ, ನಂಬಬೇಡಿ, ಇಟಲಿಯಿಂದ ಬಂದ ಶ್ರೀಮಂತರೊಬ್ಬರು ಸಂತೋಷಕ್ಕಾಗಿ ಕಟ್ಟಿಸಿದ್ದು. ನಾನು ಇಳಿಯಿರಿ ಎನ್ನುವುದು ಊರಿನ ಹಿಂಭಾಗದ ಚರ್ಚಿಗಾಗಿ. ಎಲಾದಿಯೊ ದಿಯೆಸ್ತೆ ಎಂಬ ಎಂಜಿನಿಯರ್ 1960ರ ಹೊತ್ತಿಗೆ ಕಟ್ಟಿ ಮುಗಿಸಿದ ಇದು 2021ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಉಕ್ಕು, ಸಿಮೆಂಟು ದುಬಾರಿಯಾದ ದೇಶದಲ್ಲಿ ಕೈಗೆಟುಕುವ ಇಟ್ಟಿಗೆಯಿಂದಲೇ ಏನೆಲ್ಲ ಮಾಡಬಹುದೆಂದು ಅವರು ಜೀವನವಿಡೀ ಶೋಧಿಸಿದರು. ಗೋಡೆ ನೆಲದಲ್ಲಿ ನೇರ ಗೆರೆಯಾಗಿ ಶುರುವಾಗಿ, ಮೇಲೇರುತ್ತ ಅಲೆಅಲೆಯಾಗುತ್ತದೆ. ಆ ಅಲೆಯೇ ಗೋಡೆಗೆ ಬಲ, ಬರೀ ಮೂವತ್ತು ಸೆಂಟಿಮೀಟರ್ ದಪ್ಪದ ಗೋಡೆ ಬೀಳದೆ ನಿಂತಿರುವುದು ಅದರಿಂದ. ಒಳಗೆ ಕುಳಿತು ಬೆಳಕು ಇಟ್ಟಿಗೆಯ ಮೇಲೆ ಸರಿಯುವುದನ್ನು ನೋಡಿ. ಬೀಚಿಗೆ ಬಂದವರು ಬಹುತೇಕ ಇತ್ತ ತಿರುಗುವುದೇ ಇಲ್ಲ, ನನಗೆ ಅದು ನೋವಿನ ಸಂಗತಿ. ಪಿರಿಯಾಪೊಲಿಸ್ ಎಂಬ ಹಳೆಯ ವಿಹಾರದ ಊರೂ ಇದೇ ದಾರಿಯಲ್ಲಿದೆ, ಸಮಯ ಉಳಿದರೆ ನೋಡಿ.

ಊಟದ ಚಿಂತೆ ಬೇಡ. ದನದ ಮಾಂಸದ ದೇಶವಾದರೂ ಪ್ರತಿ ಪಿಜ್ಜಾ ಅಂಗಡಿಯಲ್ಲೂ ಫೈನಾ ಸಿಗುತ್ತದೆ. ಕಡಲೆಹಿಟ್ಟನ್ನು ಎಣ್ಣೆ, ನೀರಿನಲ್ಲಿ ಕಲಸಿ ಒಲೆಯಲ್ಲಿ ಬೇಯಿಸಿದ್ದು, ಮೇಲೆ ಕಾಳುಮೆಣಸಿನ ಪುಡಿ. ನನ್ನ ತಾಯಿ ಬಂದಾಗ ಅದನ್ನೇ ಕೇಳಿ ಕೇಳಿ ತಿಂದರು. ಸಮುದ್ರಪಾಚಿ ಹಾಕಿ ಕರಿದ ಬೋಂಡಾದಂಥ ಬುನ್ಯುಯೆಲೊ ಪೂರ್ವ ಕರಾವಳಿಯ ವಿಶೇಷ. ಹಿಟ್ಟಿಗೆ ಮೊಟ್ಟೆ ಹಾಕುವುದುಂಟು, ಕೇಳಿಕೊಳ್ಳಿ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಹ್ಯಾಮ್ ಇಟ್ಟು ತಂದುಕೊಡುವವರಿದ್ದಾರೆ. ಆದ್ದರಿಂದ ಕೋಳಿ, ಮೀನು, ಹ್ಯಾಮ್ ಯಾವುದೂ ಬೇಡವೆಂದು ಸ್ಪ್ಯಾನಿಷಿನಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಿ.

ಬ್ಯೂನಸ್ ಐರಿಸ್‌ನಿಂದ ಹಡಗಿನಲ್ಲಿ ನೇರ ಮೊಂಟೆವಿಡಿಯೊಗೆ ಬರಬಹುದು, ಅಥವಾ ಉರುಗ್ವೆಯ ಕಡೆಯ ಕೊಲೊನಿಯಾ ಎಂಬ ಊರಿನಲ್ಲಿ ಇಳಿದು ಬಸ್ಸು ಹಿಡಿಯಬಹುದು. ಮೊಂಟೆವಿಡಿಯೊದ ತ್ರೆಸ್ ಕ್ರೂಸೆಸ್ ನಿಲ್ದಾಣದಿಂದ ಕರಾವಳಿಯ ಊರುಗಳಿಗೆಲ್ಲ ಬಸ್ಸುಗಳಿವೆ. ಜನವರಿಯ ವಾರಾಂತ್ಯಕ್ಕೆ ಟಿಕೆಟನ್ನು ಮುಂಚೆಯೇ ತೆಗೆದಿಡಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಅರ್ಜೆಂಟೀನಾ ಮತ್ತು ಉರುಗ್ವೆ ಎರಡಕ್ಕೂ ದೆಹಲಿಯ ರಾಯಭಾರ ಕಚೇರಿಗಳಲ್ಲಿ ವಿಚಾರಿಸಿ. ಇನ್ನೊಂದು ಮುಖ್ಯ ಸಂಗತಿ ಹಳದಿ ಜ್ವರದ ಲಸಿಕೆ. ಅರ್ಜೆಂಟೀನಾ ಅಥವಾ ಬ್ರೆಜಿಲಿನಿಂದ ಭಾರತಕ್ಕೆ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಸಕ್ಕೆ ಕಳಿಸುವ ಸಾಧ್ಯತೆಯಿದೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡಿರಬೇಕು. ಅರವತ್ತು ದಾಟಿದವರಿಗೆ ಈ ಲಸಿಕೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕಾಗುತ್ತದೆ, ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ತಂದೆತಾಯಿಯನ್ನು ವೈದ್ಯರಿಗೆ ತೋರಿಸಿ.