ಡಯೋಡ್ ಅಗ್ಗದ್ದೇ ಸಾಕು, ಜ್ಯಾಕ್‌ಗೆ ದುಡ್ಡು ಹಾಕಿ

ಪ್ರಶ್ನೆ: ಗಿಟಾರಿಗೆ ಡಿಸ್ಟಾರ್ಷನ್ ಪೆಡಲ್ (ಸದ್ದನ್ನು ಬೇಕೆಂದೇ ಒರಟಾಗಿಸುವ ಡಬ್ಬಿ) ಮನೆಯಲ್ಲೇ ಕಟ್ಟಲು ಹೊರಟಿದ್ದೇನೆ. ಸಿಗ್ನಲ್ ಹಿಗ್ಗಿಸಲು ಒಂದು 4558 ಐಸಿ, ಅದರ ಔಟ್‌ಪುಟ್‌ನಿಂದ ಗ್ರೌಂಡಿಗೆ ತಿರುಗುಮುರುಗಾಗಿ ಎರಡು ಡಯೋಡ್, 9 ವೋಲ್ಟ್ ಬ್ಯಾಟರಿ. ಜರ್ಮೇನಿಯಂ ಡಯೋಡ್ ಇಲ್ಲದಿದ್ದರೆ ಟೋನ್ ಬರುವುದಿಲ್ಲ ಅಂತಾರೆ ಗೆಳೆಯರು. ಸಾಮಾನಿಗೆ ಮಂಗಳೂರಿಗೆ ಹೋಗುವವನಿದ್ದೇನೆ. ಏನೇನು ತರಲಿ?
– ಓದುಗರು, ಕುಂಬಳೆ

ಉತ್ತರ: ಜರ್ಮೇನಿಯಂ ಇಲ್ಲದೆಯೂ ಒಳ್ಳೆಯ ಪೆಡಲ್ ಆಗುತ್ತದೆ. ಜರ್ಮೇನಿಯಂ ಡಯೋಡ್ ಸುಮಾರು 0.3 ವೋಲ್ಟಿಗೇ ಸಿಗ್ನಲಿನ ತುದಿ ಕತ್ತರಿಸತೊಡಗುತ್ತದೆ. ಟೋನ್ ಮೆತ್ತಗಾಗುತ್ತದೆ, ಜೊತೆಗೆ ಸದ್ದೂ ತಗ್ಗುತ್ತದೆ. ಸಿಲಿಕಾನಿನ 1ಎನ್4148 ಡಯೋಡ್ ಕತ್ತರಿಸುವುದು 0.6 ವೋಲ್ಟಿನ ಆಸುಪಾಸಿನಲ್ಲಿ, ಕೆಂಪು ಎಲ್‌ಇಡಿ 1.7ರ ಹತ್ತಿರ, ಎಲ್‌ಇಡಿಯಲ್ಲಿ ಸದ್ದು ಜೋರು, ಆದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಹೆಚ್ಚು ಬೇಕು. ಇವೆರಡೂ ಬಲು ಅಗ್ಗ. ಡಯೋಡಿನ ಜಾಗದಲ್ಲಿ ಸಾಕೆಟ್ ಬೆಸುಗೆ ಹಾಕಿ, ಒಂದೊಂದೇ ಜೋಡಿ ಸಿಕ್ಕಿಸಿ ನುಡಿಸಿ ನೋಡಿ. ಐಸಿಗೂ ಸಾಕೆಟ್ ಇರಲಿ. ಟಿಎಲ್072 ಎಂಬ ಇನ್ನೊಂದು ಐಸಿಯ ಕಾಲುಗಳ ಕ್ರಮ 4558ರದ್ದೇ ಆದ್ದರಿಂದ ಅದನ್ನೂ ಕೂರಿಸಿ ನೋಡಬಹುದು.

ನನ್ನ ಕಿವಿಗೆ ಡಯೋಡಿಗಿಂತ ಹೆಚ್ಚು ವ್ಯತ್ಯಾಸ ತೋರುವುದು ಗೇನ್ ಭಾಗದ ಕೆಪಾಸಿಟರ್. 4.7 ಕಿಲೋಓಮ್ ರೆಸಿಸ್ಟರ್ ಜೊತೆ 0.047 ಮೈಕ್ರೋಫ್ಯಾರಡ್ (ಮೈಮೇಲೆ 473 ಎಂದಿರುತ್ತದೆ) ಹಾಕಿದರೆ, ಗೇನ್ ಪೂರ್ತಿ ಏರಿಸಿದಾಗ 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ ಇಳಿಯುತ್ತಾ ಹೋಗುತ್ತದೆ. 104 ಎಂದು ಬರೆದ 0.1 ಮೈಕ್ರೋಫ್ಯಾರಡ್ ಹಾಕಿ, ಆ ಗೆರೆ 340ರ ಹತ್ತಿರಕ್ಕೆ ಬರುತ್ತದೆ, ದಪ್ಪ ತಂತಿಗಳು ತುಂಬಿ ನುಡಿಯುತ್ತವೆ. ಇನ್ನೂ ದೊಡ್ಡದು ಹಾಕಿದರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಎಲ್ಲ ಕಲಸಿಹೋಗುತ್ತದೆ. ಎರಡನ್ನೂ ತನ್ನಿ, ಪಾಲಿಯೆಸ್ಟರಿನದ್ದೇ ಕೇಳಿ. ಈ ಅಳತೆಯ ಅಗ್ಗದ ಸೆರಾಮಿಕ್‌ನ ಕೆಪಾಸಿಟೆನ್ಸ್ ಶಾಖಕ್ಕೆ, ವೋಲ್ಟೇಜಿಗೆ ಅಲುಗಾಡುತ್ತದೆ. ರೆಸಿಸ್ಟರ್ ಕಾಲು ವಾಟಿನ ಮೆಟಲ್ ಫಿಲ್ಮ್ ಸಾಕು. ವಾಲ್ಯೂಮಿಗೆ 'ಎ' ಗುರುತಿನ ಪಾಟ್ (ತಿರುಗಿಸುವ ರೆಸಿಸ್ಟರ್) ತನ್ನಿ. 'ಬಿ' ಹಾಕಿದರೆ ತಿರುಗಿಸಿದ ಮೊದಲಲ್ಲೇ ಸದ್ದು ಧಡಕ್ಕನೆ ಏರುತ್ತದೆ.

ಉಳಿದ ದುಡ್ಡನ್ನು ಜ್ಯಾಕ್, ಕಾಲಿನ ಸ್ವಿಚ್, ಪಾಟ್‌ಗಳಿಗೆ ಹಾಕಿ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಮೊದಲು ಕೆಡುವುದು ಇವೇ. ತೆಳು ಲೇಪದ ಜ್ಯಾಕಿನ ನಾಲಿಗೆ ಹಸಿರುಗಟ್ಟಿ ಸಡಿಲವಾದರೆ, ಹಾಡಿನ ನಡುವೆ ಕರಕರ ಸದ್ದು ಶುರು. ಡಬ್ಬಿ ಅಲ್ಯೂಮಿನಿಯಮ್ಮಿನದಾಗಿರಲಿ, ಗ್ರೌಂಡಿಗೆ ತಾಗಿರಲಿ. ಉತ್ಸವದ ವೇದಿಕೆಯಲ್ಲಿ ದೀಪಗಳ ಡಿಮ್ಮರಿನ ಗುಂಯ್‌ಗುಡುವಿಕೆಯನ್ನು ಪ್ಲಾಸ್ಟಿಕ್ ಡಬ್ಬಿ ತಡೆಯುವುದಿಲ್ಲ.

ಇನ್‌ಪುಟ್‌ಗೆ ಮಾತ್ರ ಸ್ಟೀರಿಯೊ ಜ್ಯಾಕ್ ಬೇಕು. ಬ್ಯಾಟರಿಯ ಕಪ್ಪು ವೈರನ್ನು ಅದರ ರಿಂಗ್ (ನಡುವಿನ ಸಂಪರ್ಕದ) ಕಾಲಿಗೆ ಬೆಸೆದರೆ, ಗಿಟಾರಿನ ಕೇಬಲ್ ತೆಗೆದ ಕೂಡಲೇ ಬ್ಯಾಟರಿ ತಾನಾಗಿ ಆಫ್ ಆಗುತ್ತದೆ.